ಪರ್ಲ್, ಪೈಥಾನ್ ಮತ್ತು ಅಪ್ಪನ ಅಡಿಕೆ ಲೆಕ್ಕ

ಶಿರಸಿಯ ಮನೆಯಲ್ಲಿ ಬೆಳಗಿನಿಂದ ಮಳೆ, ಕರೆಂಟ್ ಇಲ್ಲ. ಇನ್ವರ್ಟರ್ ಕೈಕೊಡುವ ಮೊದಲೇ ಮುಗಿಸೋಣವೆಂದು ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಮ್ ಒಂದನ್ನು ತೆರೆದೆ. ಅದನ್ನು ಪೈಥಾನ್ ಎಂಬ ಇನ್ನೊಂದು ಭಾಷೆಗೆ ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಪರ್ಲ್ ಎಂದರೆ ಹೆಸರುಗಳ ಮುಂದೆಲ್ಲ ಅಂಟಿಕೊಂಡ ಡಾಲರ್ ಚಿಹ್ನೆಗಳ ಕಾಡು ಎಂದುಕೊಂಡೇ ಹೊಕ್ಕರೆ ಆಶ್ಚರ್ಯ ಕಾದಿತ್ತು. ಒಂದೊಂದು ಫಂಕ್ಷನ್, ಅಂದರೆ ಒಂದು ಕೆಲಸ ಮಾಡುವ ತುಣುಕು, ಹತ್ತು ಹದಿನೈದು ಸಾಲು, ಹೆಸರು ನೋಡಿದರೆ ಕೆಲಸ ತಿಳಿಯುತ್ತದೆ, ಓದುವವರಿಗೆಂದು ಬರೆದಿಟ್ಟ ಕಾಮೆಂಟುಗಳಲ್ಲಿ ‘ಏನು’ ಎಂಬುದಕ್ಕಿಂತ ‘ಏಕೆ’ ಎಂಬುದೇ ಹೆಚ್ಚು. ಬರೆದ ಪುಣ್ಯಾತ್ಮರು ಯಾರೋ!

ಪಕ್ಕದಲ್ಲೇ ಮೂರು ವರ್ಷದ ಹಿಂದೆ ನಾನೇ ಬರೆದ ಪೈಥಾನ್ ಫೈಲ್. ಪೈಥಾನ್‌ನಲ್ಲಿ ಇಂಡೆಂಟ್, ಅಂದರೆ ಸಾಲಿನ ಆರಂಭದಲ್ಲಿ ಬಿಡುವ ಜಾಗ, ತಪ್ಪಿದರೆ ಪ್ರೋಗ್ರಾಮ್ ಓಡುವುದೇ ಇಲ್ಲ, ಹಾಗಾಗಿ ಸಾಲುಗಳೆಲ್ಲ ತೋಟದ ಅಡಿಕೆ ಮರಗಳಂತೆ ನೇರವಾಗಿ ನಿಂತಿವೆ. ಒಳಗೆ ಮಾತ್ರ ಡೇಟಾ2, ಟೆಂಪ್, ಟೆಂಪ್3 ಎಂಬ ಏನೂ ಹೇಳದ ಹೆಸರುಗಳು. ಮುನ್ನೂರು ಸಾಲಿನ ಒಂದೇ ಫಂಕ್ಷನ್, ಅದರ ನಡುವೆ ಒಂದೇ ಸಾಲಿಗೆ ತುರುಕಿದ, ಪಟ್ಟಿ ಕಟ್ಟುವ ಲಿಸ್ಟ್ ಕಾಂಪ್ರೆಹೆನ್ಷನ್. ಅದನ್ನು ಬರೆದ ದಿನ ನನ್ನ ಜಾಣತನಕ್ಕೆ ನಾನೇ ಬೀಗಿದ್ದು ನೆನಪಿದೆ.

1959ರಲ್ಲಿ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ರೂಪಿಸಲು ಹೊರಟವರು ಅದು ಇಂಗ್ಲಿಷ್ ವಾಕ್ಯದಂತೆ ಓದಿಸಿಕೊಳ್ಳಬೇಕೆಂದು ‘ಆಡ್’, ‘ಮೂವ್’ ಎಂಬ ಶಬ್ದಗಳನ್ನೇ ಇಟ್ಟರು. ಅದರಲ್ಲೂ ಇನ್ನೊಂದು ಕಡೆಗೆ ಜಿಗಿಯಲು ಹೇಳುವ ‘ಗೋ ಟು’ ಹಾಕಿ ಹಾಕಿ ಓದುವವರನ್ನು ದೇವಿಮನೆ ಘಟ್ಟದ ತಿರುವುಗಳಲ್ಲಿ ಸುತ್ತಿಸಿದವರಿದ್ದಾರೆ.

ಇದನ್ನೆಲ್ಲ ಕೇಳಿದ ಆಯಿ ನಕ್ಕು, ಅಪ್ಪನ ಅಡಿಕೆ ಲೆಕ್ಕದ ಹಳೆಯ ಪುಸ್ತಕ ತಂದಿಟ್ಟಳು. ಚಾ, ರಾ, ಬೆ ಎಂದರೆ ಅಡಿಕೆಯ ಬಗೆಗಳಾದ ಚಾಲಿ, ರಾಶಿ, ಬೆಟ್ಟೆ; ಅಷ್ಟು ಗೊತ್ತಾಯಿತು. ‘ಕೆ’ ಎಂದರೆ ಇನ್ನೊಂದು ಬಗೆಯಾದ ಕೆಂಪುಗೋಟೋ, ಕೆಲಸದವರ ಕೂಲಿಯೋ? ಅಪ್ಪನನ್ನೇ ಕೇಳಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ ಅಪ್ಪ, “ಯಾರು ಬರೆದದ್ದು ಇದು?” ಎಂದ.