ರಿಪೇರಿ ಕೂಟ: ಹಾಲ್ ಸಿಕ್ಕಿತು, ಕಪಾಟು ಬಂತು, ಕರಾರು ಬಾಕಿ

ಕೆಟ್ಟ ಸಾಮಾನನ್ನು ಎಲ್ಲರೂ ಸೇರಿ ರಿಪೇರಿ ಮಾಡುವ ನಮ್ಮ ಕೂಟ ನಗರಸಭೆಗೆ ಹಾಕಿದ್ದ ಅರ್ಜಿಗೆ ಕೊನೆಗೂ ಉತ್ತರ ಬಂತು. ದುಡ್ಡು ಕೊಟ್ಟಿಲ್ಲ. ಸಮುದಾಯ ಭವನದ ಕೆಳಗಿನ ಹಾಲನ್ನು ತಿಂಗಳಿಗೊಮ್ಮೆ ಬಾಡಿಗೆ ಇಲ್ಲದೆ ಕೊಟ್ಟಿದ್ದಾರೆ. ಜೊತೆಗೆ ಬೀಗ ಹಾಕುವ ಒಂದು ಕಬ್ಬಿಣದ ಕಪಾಟು. ಅನುದಾನ ಸಿಗಲಿಲ್ಲ ಅಂತ ತಂಡದ ಕೆಲವರಿಗೆ ಬೇಜಾರು. ನನಗೆ ಮಾತ್ರ ಆ ಕಪಾಟು ಕಂಡು ಖುಷಿಯಾಯಿತು.

ಯಾಕೆ ಅಂದರೆ, ಇಂಥ ಕೂಟಗಳಲ್ಲಿ ಜನ ಬಿಟ್ಟುಹೋಗುವುದು ರಿಪೇರಿ ಬೇಸರವಾಗಿ ಅಲ್ಲ, ಸಾಮಾನು ಹೊತ್ತು ಸಾಕಾಗಿ. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಸ್ಕ್ರೂಡ್ರೈವರ್ ಸೆಟ್ಟು, ಫ್ಯೂಸು, ಕೆಪಾಸಿಟರ್, ಕಾರ್ಬನ್ ಬ್ರಷ್, ಹೊಲಿಗೆಯವರ ದಾರದ ಡಬ್ಬಿ ಎಲ್ಲವನ್ನೂ ಪ್ರತಿ ಸಲ ಯಾರದೋ ಮನೆಯಿಂದ ತಂದು ವಾಪಸ್ ಒಯ್ಯಬೇಕಿತ್ತು. ಈಗ ಅವೆಲ್ಲ ಒಂದೇ ಕಡೆ ಇವೆ. ಇನ್ನೂ ದೊಡ್ಡ ಲಾಭ ಇದು: ಬಿಡಿಭಾಗಕ್ಕೆ ಕಾಯುತ್ತಿರುವ ಫ್ಯಾನನ್ನು ಬಿಚ್ಚಿದ ಹಾಗೆಯೇ, ಸ್ಕ್ರೂ ಸಮೇತ ಒಂದು ಟ್ರೇನಲ್ಲಿ ಮುಂದಿನ ತಿಂಗಳವರೆಗೆ ಇಡಬಹುದು. ಮೊದಲಾದರೆ ಅದು ಚೀಲದಲ್ಲಿ ಮನೆಗೆ ಹೋಗಿ, ಅಲ್ಲಿಂದ ಸೀದಾ ಕಸಕ್ಕೆ ಹೋಗುತ್ತಿತ್ತು.

ನಡೆಸುವ ಕ್ರಮ ನಮ್ಮದೇನೂ ಹೊಸದಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟೀನ್ ಪೋಸ್ಟ್ಮಾ ಶುರು ಮಾಡಿದ ರಿಪೇರಿ ಕೆಫೆಯದೇ ದಾರಿ. ಸಾಮಾನು ಕೊಟ್ಟು ಹೋಗಿಬಿಡುವ ಹಾಗಿಲ್ಲ. ಪಕ್ಕದಲ್ಲಿ ಕೂತು ತಾವೂ ಕೈ ಹಚ್ಚಬೇಕು. ಇದರಿಂದ ಕೆಲಸ ನಿಧಾನವಾಗುತ್ತದೆ, ನಿಜ. ಆದರೆ ಇಸ್ತ್ರಿಪೆಟ್ಟಿಗೆಯೊಳಗಿನ ಥರ್ಮಲ್ ಫ್ಯೂಸ್ (ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಸಣ್ಣ ಭಾಗ) ಒಮ್ಮೆ ಕಣ್ಣಾರೆ ನೋಡಿದವರು ಮುಂದಿನ ಸಲ ಸುಮ್ನೆ ಹೊಸದು ಕೊಳ್ಳಲು ಓಡುವುದಿಲ್ಲ.

ಸುರಕ್ಷತೆಯ ಬಗ್ಗೆ ಅಧಿಕಾರಿಗಳು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಇಲ್ಲಿ ರಿಪೇರಿಯಾದ ಕೆಟಲ್‌ನಿಂದ ಯಾರಿಗಾದರೂ ಶಾಕ್ ಹೊಡೆದರೆ ಹೊಣೆ ಯಾರದು? ಇದಕ್ಕೆ ಒಂದು ಪುಟದ ನಿಯಮ ಬರೆದುಕೊಟ್ಟಿದ್ದೇವೆ. ಲೋಹದ ಮೈ ಇರುವ ಸಾಮಾನಿಗೆ ಮೊದಲು ಅರ್ತ್ ಸರಿ ಇದೆಯಾ ಅಂತ ನೋಡಬೇಕು. ಆಮೇಲೆ ಮೆಗ್ಗರ್ ಅನ್ನುವ ಅಳತೆ ಯಂತ್ರದಿಂದ 500 ವೋಲ್ಟ್ ಕೊಟ್ಟು ಇನ್ಸುಲೇಶನ್, ಅಂದರೆ ಕರೆಂಟು ಮೈಗೆ ಸೋರದಂತೆ ಇರುವ ತಡೆ, ಅಳೆಯಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಅದನ್ನು ಪ್ಲಗ್‌ಗೆ ಹಾಕುವ ಮಾತೇ ಇಲ್ಲ. ಮೈಕ್ರೋವೇವ್ ಓವನ್ ಬಿಚ್ಚುವುದಿಲ್ಲ, ಅದರ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯಬಲ್ಲದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮೇಜಿನ ಮೇಲೆ ಇಡುವುದೇ ಇಲ್ಲ. ವಿಮೆಯನ್ನು ನಗರಸಭೆಯ ಕಾರ್ಯಕ್ರಮದ ಪಾಲಿಸಿಯಲ್ಲೇ ಸೇರಿಸಿ ಅಂತ ಕೇಳಿದ್ದೇವೆ. ಸಣ್ಣ ಕೂಟ ತಾನೇ ಕಟ್ಟಿಕೊಳ್ಳಲಾಗದ ಖರ್ಚು ಅದು. ಅವರಿಗೆ ಕಾಗದದ ಮೇಲೆ ಒಂದು ಸಾಲು ಜಾಸ್ತಿ, ಅಷ್ಟೇ.

ಈಗ ತಲೆನೋವಿನ ವಿಷಯ, ತೂಕ. "ಎಷ್ಟು ಟನ್ ಕಸ ಕಡಿಮೆಯಾಗುತ್ತೆ?" ಅಂತ ಕೇಳಿದರು. ಟನ್ನಾ? ಇಸ್ತ್ರಿಪೆಟ್ಟಿಗೆಯೊಂದು ಹೆಚ್ಚುಕಮ್ಮಿ ಒಂದು ಕಿಲೋ. ಫೋನು ಇನ್ನೂರು ಗ್ರಾಂ. ಕಸದ ಲಾರಿಗಳ ಲೆಕ್ಕದ ಮುಂದೆ ನಮ್ಮದು ಧೂಳು. ಹಾಗಂತ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ಯಾಕಂದರೆ ದುಡ್ಡು ಹರಿಯುವುದು ತೂಕದ ಹಿಂದೆಯೇ. ಇಂಗ್ಲೆಂಡ್‌ನಲ್ಲಿ 1990ರ ಪರಿಸರ ಸಂರಕ್ಷಣಾ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ರೀಸೈಕ್ಲಿಂಗ್ ಕ್ರೆಡಿಟ್ ಅಂತ ಒಂದು ವ್ಯವಸ್ಥೆ ಬಂತು. ಒಂದು ಸಂಘ ಕಸದಿಂದ ಒಂದು ಟನ್ ಬೇರೆ ಮಾಡಿದರೆ, ಆ ಟನ್ ವಿಲೇವಾರಿಗೆ ಸ್ಥಳೀಯ ಆಡಳಿತಕ್ಕೆ ತಗಲುತ್ತಿದ್ದ ಖರ್ಚು ಉಳಿಯಿತಲ್ಲ, ಅದರ ಲೆಕ್ಕದಲ್ಲಿ ಸಂಘಕ್ಕೆ ದುಡ್ಡು ಕೊಡಬಹುದು. ದಾನವಲ್ಲ, ಉಳಿತಾಯದಲ್ಲಿ ಪಾಲು. ಈ ಯೋಚನೆ ನನಗೆ ಬಹಳ ಹಿಡಿಸಿತು. ಆದರೆ ಇದರಲ್ಲಿ ಗೆಲ್ಲುವುದು ಸೋಫಾ, ಬೀರು, ಮಂಚ. ನಮ್ಮಂಥ ಸ್ಕ್ರೂಡ್ರೈವರ್ ಮಂದಿ ಅಲ್ಲ. ಯುರೋಪಿನ 2008ರ ತ್ಯಾಜ್ಯ ನಿರ್ದೇಶನದಲ್ಲಿ ಮರುಬಳಕೆಗೆ, ಅಂದರೆ ಸಾಮಾನನ್ನು ಸಾಮಾನಾಗಿಯೇ ಮತ್ತೆ ಬಳಸುವುದಕ್ಕೆ, ಪುಡಿಮಾಡಿ ಹೊಸ ವಸ್ತು ಮಾಡುವ ರೀಸೈಕ್ಲಿಂಗ್‌ಗಿಂತ ಮೇಲಿನ ಸ್ಥಾನ ಇದೆ. ಆದರೆ ತಕ್ಕಡಿಗೆ ಆ ಭೇದ ಗೊತ್ತಾಗುತ್ತಾ? ಪುಡಿಯಾದ ಒಂದು ಕಿಲೋ ಪ್ಲಾಸ್ಟಿಕ್ಕೂ ಮತ್ತೆ ತಿರುಗುವ ಒಂದು ಕಿಲೋ ಫ್ಯಾನೂ ಅದಕ್ಕೆ ಒಂದೇ.

ಹಾಗಾಗಿ ಎರಡು ಪುಸ್ತಕ ಇಟ್ಟಿದ್ದೇವೆ. ಒಂದು ಅವರಿಗೆ, ಬರೀ ಕಿಲೋ. ಇನ್ನೊಂದು ನಮಗೆ: ಯಾವ ಸಾಮಾನು, ಯಾವ ಕಂಪನಿ, ಎಷ್ಟು ಹಳೆಯದು, ಏನು ಕೆಟ್ಟಿತ್ತು, ಸರಿಯಾಯಿತೋ ಇಲ್ಲವೋ, ಇಲ್ಲದಿದ್ದರೆ ಯಾಕೆ. ಜಗತ್ತಿನ ಹಲವು ಕೂಟಗಳ ಮಾಹಿತಿಯನ್ನು ಒಟ್ಟುಗೂಡಿಸುವ ಓಪನ್ ರಿಪೇರ್ ಅಲಯನ್ಸ್ ಕೂಡ ಹೆಚ್ಚುಕಮ್ಮಿ ಇಂಥದ್ದೇ ಕಾಲಂಗಳನ್ನು ಬಳಸುತ್ತದೆ. "ಸರಿಯಾಗಲಿಲ್ಲ" ಅನ್ನುವ ಸಾಲುಗಳೇ ಹೆಚ್ಚು ಬೆಲೆಯವು ಅಂತ ನನ್ನ ಲೆಕ್ಕ. ಅಂಟಿಸಿದ ಮೈ ಬಿಚ್ಚಲಾಗಲಿಲ್ಲ, ಭಾಗ ಸಿಗಲಿಲ್ಲ ಅನ್ನುವುದೇ ಪದೇ ಪದೇ ಬಂದರೆ, ತಪ್ಪು ನಮ್ಮ ಕೈಯಲ್ಲಿಲ್ಲ, ತಯಾರಿಕೆಯಲ್ಲಿದೆ ಅಂತ ತೋರಿಸಬಹುದು.

ಬೇರೆ ಊರುಗಳನ್ನು ನೋಡಿ ಎಂದವರಿಗೆ ಎರಡು ಉದಾಹರಣೆ ಕೊಟ್ಟೆ. ವಿಯೆನ್ನಾ ನಗರ 2020ರಲ್ಲಿ ರಿಪೇರಿ ಕೂಪನ್ ತಂದಿತು. ರಿಪೇರಿ ಬಿಲ್ಲಿನಲ್ಲಿ ಅರ್ಧ, 100 ಯೂರೋ ಮಿತಿಯೊಳಗೆ, ನಗರವೇ ಕೊಡುವ ಏರ್ಪಾಡು ಅದು. ಒಳ್ಳೆಯದೇ, ಆದರೆ ಅದು ಅಂಗಡಿಗಳಿಗೆ ಆಸರೆ. ಬಿಲ್ಲೇ ಇಲ್ಲದ ನಮಗೆ ಹೊಂದುವುದಿಲ್ಲ. ಸ್ವೀಡನ್ನಿನ ಎಸ್ಕಿಲ್‌ಸ್ಟೂನಾದ್ದು ನಮಗೆ ಹತ್ತಿರ. ಅಲ್ಲಿ 2015ರಲ್ಲಿ ಶುರುವಾದ ರೆಟೂನಾ ಮಾಲ್‌ನಲ್ಲಿ ಮಾರುವುದು ಹೆಚ್ಚಾಗಿ ಹಳೆಯ ಸಾಮಾನು. ನಡೆಸುವುದು ನಗರಾಡಳಿತದ ಕಂಪನಿ. ಮುಖ್ಯ ಸಂಗತಿ ಅಂದರೆ ಅದು ಇರುವುದು ಕಸ ಸಂಗ್ರಹ ಕೇಂದ್ರದ ಪಕ್ಕದಲ್ಲೇ. ಎಸೆಯಲು ಬಂದವರು ಒಳ್ಳೆಯದನ್ನು ಮೊದಲು ಅಲ್ಲಿ ಕೊಡುತ್ತಾರೆ. ಲಾರಿಯ ಒತ್ತುಯಂತ್ರಕ್ಕೆ ಸಿಕ್ಕ ಮೇಲೆ ಕುರ್ಚಿ ಬರೀ ಸೌದೆ ಅಲ್ವಾ?

ನಾವು ಈಗ ಕೇಳುತ್ತಿರುವುದೂ ಅದೇ. ಸಂಗ್ರಹ ಕೇಂದ್ರದ ಗೇಟಿನ ಒಳಗೆ, ತೂಕದ ಯಂತ್ರಕ್ಕಿಂತ ಮೊದಲು ಒಂದು ಶೆಡ್ಡು. ತೂಕಕ್ಕಿಂತ ಮೊದಲು ಅನ್ನುವುದರ ಮೇಲೆಯೇ ಜಗಳ ನಿಂತಿದೆ. ಗುತ್ತಿಗೆದಾರರಿಗೆ ಟನ್ ಲೆಕ್ಕದಲ್ಲಿ ದುಡ್ಡು. ತೂಗಿದ ಮೇಲೆ ನಾವು ಮುಟ್ಟಿದರೆ ಅವರ ಮಾಲು ಕದ್ದ ಹಾಗೆ. ಹಾಗಾಗಿ ಹೊಸ ಗುತ್ತಿಗೆಯಲ್ಲೇ ಒಂದು ಷರತ್ತು ಬರಬೇಕು: ಶೆಡ್ಡಿಗೆ ಬಂದದ್ದು ಕೂಟದ್ದು, ಒಂದು ತಿಂಗಳಲ್ಲಿ ಹೋಗದಿದ್ದರೆ ವಾಪಸ್ ಕೇಂದ್ರಕ್ಕೆ. ಗುಜರಿ ಆರಿಸುವವರ ಹೊಟ್ಟೆ ಮೇಲೆ ಹೊಡೆಯಬಾರದು ಅಂತ ಇನ್ನೊಂದು ಸಾಲು ಸೇರಿಸಿದ್ದೇವೆ. ರಿಪೇರಿಯಾಗದ ತಾಮ್ರ, ಅಲ್ಯೂಮಿನಿಯಂ ಅವರಿಗೇ. ಇದನ್ನು ಓದಿದ ನಗರಸಭೆಯ ಮೇಡಂ ತಲೆಯಾಡಿಸಿದರು, ಸಹಿ ಮಾತ್ರ ಹಾಕಿಲ್ಲ.

ಈ ಷರತ್ತುಗಳ ಕರಡು ಈಗ ನಗರಸಭೆಯ ಕಾನೂನು ವಿಭಾಗದಲ್ಲಿದೆ. ಅಲ್ಲಿಂದ ಬರುವವರೆಗೆ ಹಾಲ್‌ನ ಕೂಟ ನಡೆಯುತ್ತಿರುತ್ತದೆ. ಮೆಗ್ಗರ್ ಸದ್ಯ ಒಬ್ಬರದೇ ಇದೆ, ಅವರು ರಜೆ ಹಾಕಿದರೆ ಕರೆಂಟಿನ ಮೇಜು ಮುಚ್ಚಬೇಕು. ಎರಡನೆಯದಕ್ಕೆ ಹುಡುಕುತ್ತಿದ್ದೇವೆ, ಹೊಲಿಗೆ ಯಂತ್ರದ ಟೈಮಿಂಗ್ (ಸೂಜಿಯೂ ಕೆಳಗಿನ ಕೊಕ್ಕೆಯೂ ಸರಿಯಾದ ಹೊತ್ತಿಗೆ ಸೇರುವ ಹೊಂದಾಣಿಕೆ) ಕೂರಿಸಲು ಬರುವವರಿಗೂ.