ಚಿತ್ತಾರದ ಗೆರೆ, ಚೊಗರಿನ ಬಣ್ಣ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದವರ ಮನೆ ಗೋಡೆಯಲ್ಲಿ ಹಸೆ ಚಿತ್ತಾರ ಕಂಡರೆ ನನಗೆ ಅಲ್ಲಿಂದ ಹೊರಡೋಕೆ ಮನಸ್ಸೇ ಬರುವುದಿಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಕರಕಲಾಗುವಷ್ಟು ಹುರಿದ ಅಕ್ಕಿ. ಕುಂಚ ಅಂದರೆ ಪುಂಡಿ ನಾರು, ಅಷ್ಟೇ. ಬರೆಯುವ ಕೈಯನ್ನು ಹತ್ತಿರದಿಂದ ನೋಡಬೇಕು. ನಾರನ್ನು ಬಣ್ಣದಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒತ್ತಿ, ಜಾಸ್ತಿಯಾದದ್ದನ್ನು ಇಳಿಸಿ, ಒಂದೇ ಉಸಿರಿಗೆ ಗೆರೆ ಎಳೆಯುತ್ತಾರೆ. ಎಷ್ಟು ಸಣ್ಣ ಗೆರೆ, ಎಷ್ಟು ನೇರ! ಮದುವೆ ಮನೆಗೆ ಚಿತ್ತಾರ ಬರೆಯುವ ಈ ಹೆಂಗಸರನ್ನು ಡಿಸೈನರ್ ಅಂತ ಯಾರೂ ಕರೆಯುವುದಿಲ್ಲ. ನಾನು ಕರೆಯುತ್ತೇನೆ.

ಅದೇ ಕಡೆಯ ಹೆಗ್ಗೋಡಿನಲ್ಲಿರುವ ‘ಚರಕ’ ಸಂಸ್ಥೆಯ ಕೈಮಗ್ಗದ ಬಟ್ಟೆ ಮೇಲೂ ನನಗೆ ಇದೇ ಹುಚ್ಚು. ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು, ಅಂಗಿಗೆ ತಾಗಿದರೆ ನಮ್ಮ ಮನೆಗಳಲ್ಲಿ ಬೈಗುಳ ಗ್ಯಾರಂಟಿ, ಅಲ್ವಾ? ಅಲ್ಲಿ ಅದೇ ಚೊಗರಿನಿಂದ ನೂಲಿಗೆ ಚೆಂದದ ಕೆಂಗಂದು ಬಣ್ಣ ಹಾಕುತ್ತಾರೆ. ಬಣ್ಣ ಕಣ್ಣಿಗೆ ಹೊಡೆಯುವುದಿಲ್ಲ, ನಮ್ಮ ತೋಟದ್ದೇ ಅನ್ನಿಸುತ್ತದೆ.

ಇನ್ನು ನೀನಾಸಂ ಅನ್ನುವ ನಾಟಕ ಸಂಸ್ಥೆ. 1949ರಲ್ಲಿ ಅದೇ ಸಣ್ಣ ಊರಲ್ಲಿ ಶುರುವಾದದ್ದು. 1985ರಿಂದ ಅವರ ‘ತಿರುಗಾಟ’ ತಂಡ ಊರೂರಿಗೆ ನಾಟಕ ಹೊತ್ತು ಹೋಗುತ್ತಿದೆ. ಆ ನಟರ ದನಿ, ನಿಲುವು ನೋಡಿ ಬಂದ ರಾತ್ರಿ ನನಗೆ ಬೇಗ ನಿದ್ದೆ ಹತ್ತುವುದಿಲ್ಲ. ನಾನೂ ಏನಾದರೂ ಮಾಡಬೇಕು ಅಂತ ಕೈ ತುರಿಸುತ್ತದೆ. ತಿರುಗಾಟ ನಿಮ್ಮ ಊರ ಹತ್ತಿರ ಬಂದರೆ ದಯವಿಟ್ಟು ಹೋಗಿ. ಮಕ್ಕಳನ್ನು ಮುಂದಿನ ಸಾಲಲ್ಲೇ ಕೂರಿಸಿ.