‘ವೇಮನ ನಿಜವಾಗಿಯೂ ಹಾಗಿದ್ದನೇ?’ ಎಂದು ಕೇಳುವವರಿಗೆ

ಕೆ. ವಿ. ರೆಡ್ಡಿಯವರು ನಿರ್ದೇಶಿಸಿ, ವಾಹಿನಿ ಸಂಸ್ಥೆಯಿಂದ 1947ರಲ್ಲಿ ಹೊರಬಂದ, ತೆಲುಗಿನ ಸಂತಕವಿ ವೇಮನನ ಬದುಕನ್ನು ಹೇಳುವ ‘ಯೋಗಿ ವೇಮನ’ ಎಂಬ ತೆಲುಗು ಚಿತ್ರದ ಬಗ್ಗೆ ನಾನು ಎಲ್ಲಿ ಮಾತನಾಡಿದರೂ, ಮಾತು ಮುಗಿಸಿ ನೀರಿನ ಲೋಟವನ್ನು ಕೆಳಗಿಡುವಷ್ಟರಲ್ಲಿ ಸಭೆಯಲ್ಲಿ ಒಂದು ಕೈ ಮೇಲೇಳುತ್ತದೆ. ಪ್ರಶ್ನೆ ಯಾವಾಗಲೂ ಒಂದೇ: ‘ಇದೆಲ್ಲ ನಿಜವಾಗಿ ನಡೆದದ್ದೇ?’ ಕೆಲವರು ಅದಕ್ಕೆ ಸ್ವಲ್ಪ ಅಲಂಕಾರ ಮಾಡಿ, ‘ಈ ಕಥೆಗೆ ಐತಿಹಾಸಿಕ ಆಧಾರವೇನಾದರೂ ಇದೆಯೇ?’ ಎನ್ನುತ್ತಾರೆ. ಇನ್ನು ಕೆಲವರು ಕಾರ್ಯಕ್ರಮ ಮುಗಿಯುವವರೆಗೆ ಕಾದು, ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ‘ಅಲ್ಲ ಸಾರ್, ಯೋಗಿ ಅಂತೀರಿ, ನಿಜವಾಗ್ಲೂ ಸೂಳೆ ಮನೆಗೆ ಹೋಗ್ತಿದ್ನಾ?’ ಎಂದು ವಿಚಾರಿಸುತ್ತಾರೆ. ಈ ಮೂರನೆಯ ವರ್ಗದವರ ಮೇಲೆ ನನಗೆ ಕೋಪವಿಲ್ಲ. ತಮಗೆ ಬೇಕಾದದ್ದೇನು ಎಂಬುದನ್ನು ಅವರಾದರೂ ಮುಚ್ಚಿಡುವುದಿಲ್ಲ.

ಹನ್ನೆರಡು ವರ್ಷಗಳಿಂದ ನಾನು ಇದಕ್ಕೆ ವಿನಯದಿಂದಲೇ ಉತ್ತರ ಹೇಳುತ್ತ ಬಂದಿದ್ದೇನೆ. ಇನ್ನು ಸಾಧ್ಯವಿಲ್ಲ. ಉತ್ತರವನ್ನು ಒಮ್ಮೆ ಇಲ್ಲಿ ಬರೆದಿಟ್ಟರೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಬಹುದು ಎಂಬ ಸ್ವಾರ್ಥದಿಂದ ಬರೆಯುತ್ತಿದ್ದೇನೆ.

ಉತ್ತರ ಹೀಗಿದೆ: ವೇಮನನ ಬದುಕಿನ ಬಗ್ಗೆ ಸಾಕ್ಷಿ ನುಡಿಯುವ ಶಾಸನವಿಲ್ಲ, ಸಮಕಾಲೀನರ ಬರಹವಿಲ್ಲ. ಅವನ ಕಾಲವನ್ನು ವಿದ್ವಾಂಸರು 14ನೆಯ ಶತಮಾನದಿಂದ ಹಿಡಿದು 18ನೆಯ ಶತಮಾನದವರೆಗೆ ತಮತಮಗೆ ಸರಿಕಂಡಲ್ಲಿ ಕೂರಿಸಿದ್ದಾರೆ. ನಾನೂರು ವರ್ಷಗಳ ಹರವಿನಲ್ಲಿ ಎಲ್ಲಿ ಬೇಕಾದರೂ ಹುಟ್ಟಿರಬಹುದಾದ ಮನುಷ್ಯನೊಬ್ಬ ಯಾವ ಬೀದಿಯ ಯಾವ ಮನೆಗೆ ಹೋಗುತ್ತಿದ್ದ ಎಂಬುದಕ್ಕೆ ನನ್ನಿಂದ ಪುರಾವೆ ಕೇಳುವುದು ಎಷ್ಟು ನ್ಯಾಯ ಎಂಬುದನ್ನು ಕೇಳುವವರೇ ಯೋಚಿಸಲಿ.

ವಿಳಾಸ ಬೇಕೇ ಬೇಕು ಎನ್ನುವವರಿಗೆ ಒಂದು ಪದ್ಯವಿದೆ. ‘ಊರು ಕೊಂಡವೀಡು, ಉನಿಕಿ ಪಶ್ಚಿಮವೀಧಿ, ಮೂಗಚಿಂತಪಲ್ಲೆ ಮೊದಟಿ ಇಲ್ಲು’ ಎಂದು ವೇಮನನೇ ಹೇಳಿಕೊಂಡಂತಿದೆ. ಊರು ಕೊಂಡವೀಡು, ವಾಸ ಪಡುವಣ ಬೀದಿ, ಮೂಗಚಿಂತಪಲ್ಲೆಯ ಮೊದಲನೆಯ ಮನೆ. ಅಂಚೆಯವನು ಕೂಡ ಇದಕ್ಕಿಂತ ಸ್ಪಷ್ಟವಾದ ವಿಳಾಸವನ್ನು ಬಯಸಲಾರ. ಆದರೆ ತೊಂದರೆ ಇರುವುದು ಈ ಸ್ಪಷ್ಟತೆಯಲ್ಲಿಯೇ. ಊರು, ಕುಲ, ಗೋತ್ರಗಳನ್ನೆಲ್ಲ ತೂರಿಬಿಟ್ಟ ಕವಿ ತನ್ನ ಮನೆಯ ಬಾಗಿಲನ್ನು ಇಷ್ಟು ಅಕ್ಕರೆಯಿಂದ ಗುರುತು ಹೇಳಿದನೆಂದರೆ, ಹಿಂದಿನಿಂದ ಯಾರೋ ಸೇರಿಸಿದ ಪದ್ಯವಿರಬೇಕು ಎಂದು ಸಂಶಯ ಬರುವುದು ಸಹಜ. ಕೊಂಡವೀಡು ಇರುವುದು ಗುಂಟೂರಿನ ಕಡೆ. ಅವನ ಸಮಾಧಿಯೆಂದು ಜನ ಕೈಮುಗಿಯುವ ಕಟಾರುಪಲ್ಲಿ ಇರುವುದು ಕದಿರಿಯ ಕಡೆ, ಅಂದರೆ ನಮ್ಮ ಬಾಗೇಪಲ್ಲಿ ಸೀಮೆಗೆ ಎಷ್ಟೋ ಹತ್ತಿರ. ಎರಡೂ ಕಡೆಯವರು ಅವನನ್ನು ಬಿಟ್ಟುಕೊಡುವುದಿಲ್ಲ.

ಪದ್ಯಗಳ ಲೆಕ್ಕವೂ ಇಂಥದ್ದೇ. ಸಿ. ಪಿ. ಬ್ರೌನ್ ಎಂಬ ಇಂಗ್ಲಿಷ್ ಅಧಿಕಾರಿ ಹಸ್ತಪ್ರತಿಗಳನ್ನು ಕೂಡಿಹಾಕಿ, ಪಾಠಗಳನ್ನು ಹೋಲಿಸಿ, 1829ರಲ್ಲಿ ಮದರಾಸಿನಲ್ಲಿ ಅಚ್ಚು ಮಾಡಿಸಿದಾಗ ಅದರಲ್ಲಿದ್ದುದು ಸುಮಾರು 700 ಪದ್ಯಗಳು. ಹತ್ತು ವರ್ಷಗಳ ನಂತರದ ಮುದ್ರಣದಲ್ಲಿ ಸಾವಿರ ದಾಟಿದವು. ಈಗ ಸಾವಿರಗಟ್ಟಲೆ ಪದ್ಯಗಳ ಸಂಪುಟಗಳಿವೆ. ‘ವಿಶ್ವದಾಭಿರಾಮ ವಿನುರ ವೇಮ’ ಎಂಬ ಕೊನೆಯ ಸಾಲು ಸಿದ್ಧವಾಗಿರುವಾಗ ಮೇಲಿನ ಮೂರು ಸಾಲುಗಳನ್ನು ಯಾರು ಬೇಕಾದರೂ ಹೊಸೆಯಬಹುದು, ಹೊಸೆದಿದ್ದಾರೆ ಕೂಡ. ನಮ್ಮ ತಾತ ಮನೆಯಲ್ಲಿ ಜಗಳವಾದಾಗಲೆಲ್ಲ ಹೇಳುತ್ತಿದ್ದ ಎರಡು ಪದ್ಯಗಳು ಯಾವ ಸಂಪುಟದಲ್ಲಿಯೂ ನನಗೆ ಸಿಕ್ಕಿಲ್ಲ. ಅವನ್ನು ಕಟ್ಟಿದವರು ತಾತನೇ ಎಂದು ನನ್ನ ಗುಮಾನಿ.

ಇವನ್ನೆಲ್ಲ ಮೊದಲೇ ತೂಗಿ ನೋಡಿದವರಿದ್ದಾರೆ. ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು 1928ರಲ್ಲಿ ವೇಮನನ ಮೇಲೆ ಕೊಟ್ಟ ಉಪನ್ಯಾಸಗಳು ಇಂದಿಗೂ ಆ ಕವಿಯ ಬಗೆಗಿನ ಅತ್ಯಂತ ಸೂಕ್ಷ್ಮವಾದ ವಿಮರ್ಶೆಗಳಲ್ಲಿ ಸೇರುತ್ತವೆ. ಆಗ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಮೇಷ್ಟರಾಗಿದ್ದರು ಎಂಬುದನ್ನು, ‘ನಿಮಗೇಕೆ ಸಾರ್ ತೆಲುಗು ಕವಿಯ ಉಸಾಬರಿ?’ ಎಂದು ಕೇಳುವ ನಾಲ್ಕನೆಯ ವರ್ಗದವರಿಗೆ ತಿಳಿಸಬಯಸುತ್ತೇನೆ. ಅದೇ ಉಸಿರಿನಲ್ಲಿ ಇನ್ನೊಂದು ಮಾತು: ಆ ಚಿತ್ರದಲ್ಲಿ ಮೋಹನಾಂಗಿಯಾಗಿ ನಟಿಸಿದವರು ನಮ್ಮ ಎಂ. ವಿ. ರಾಜಮ್ಮ. ‘ಸಂಸಾರ ನೌಕೆ’ಯ ನಾಯಕಿ, 1943ರಲ್ಲಿ ‘ರಾಧಾರಮಣ’ವನ್ನು ನಿರ್ಮಿಸಿ ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಎನ್ನಿಸಿಕೊಂಡವರು. ನೀವು ದನಿ ತಗ್ಗಿಸಿ ಕೇಳುವ ಆ ‘ಸೂಳೆ’ಯ ಪಾತ್ರದಲ್ಲಿ ಅವರಿದ್ದಾರೆ, ಸ್ವಲ್ಪ ಗೌರವದಿಂದ ಕೇಳಿ.

ಪ್ರಶ್ನೆಯ ಮಾತಿಗೆ ಮರಳುತ್ತೇನೆ. ಕೆಲವು ವರ್ಷಗಳ ಹಿಂದೆ, ಜನವರಿ 19ರ ವೇಮನ ಜಯಂತಿಯಂದು, ಗಡಿಭಾಗದ ಒಂದು ತಾಲ್ಲೂಕು ಕೇಂದ್ರದ ಕಲ್ಯಾಣಮಂಟಪದಲ್ಲಿ ಆ ಚಿತ್ರವನ್ನು ತೋರಿಸಿ, ನಂತರ ಇಪ್ಪತ್ತು ನಿಮಿಷ ಮಾತನಾಡಬೇಕೆಂದು ನನ್ನನ್ನು ಕರೆದಿದ್ದರು. ಪ್ರತಿ ಸವೆದಿತ್ತು, ಧ್ವನಿ ಕರಕರ ಎನ್ನುತ್ತಿತ್ತು, ಹಿಂದಿನ ಅಡುಗೆಮನೆಯಿಂದ ಬೇಳೆ ಬೇಯುವ ವಾಸನೆ ಬರುತ್ತಿತ್ತು. ನಾನು ಮಾರ್ಕಸ್ ಬಾರ್ಟ್ಲಿಯವರ ಛಾಯಾಗ್ರಹಣದ ಬಗ್ಗೆ, ಸಮುದ್ರಾಲ ರಾಘವಾಚಾರ್ಯರ ಮಾತುಗಾರಿಕೆಯ ಬಗ್ಗೆ, ಸ್ವತಃ ಹಾಡಬಲ್ಲ ನಟನಾಗಿದ್ದ ಚಿತ್ತೂರು ನಾಗಯ್ಯನವರು ತೆಲುಗು ಭಾಗವತದ ಕವಿ ಪೋತನ, ತ್ಯಾಗರಾಜರ ಪಾತ್ರಗಳನ್ನು ಮುಗಿಸಿ ಮೂರನೆಯದಾಗಿ ವೇಮನನ ಬಳಿಗೆ ಬಂದುದರ ಬಗ್ಗೆ ತಯಾರಾಗಿ ಹೋಗಿದ್ದೆ. ಪೋತನ ಮತ್ತು ತ್ಯಾಗರಾಜರು ಮೊದಲಿನಿಂದಲೂ ರಾಮನನ್ನು ಹಿಡಿದು ನಿಂತವರು, ಅವರ ಕಷ್ಟವೆಲ್ಲ ಹೊರಗಿನದು. ವೇಮನ ಮಾತ್ರ ಹಿಡಿದದ್ದನ್ನೆಲ್ಲ ಬಿಡುತ್ತ ಹೋದವನು, ಆದ್ದರಿಂದ ಅದೇ ನಟ ಇಲ್ಲಿ ಬೇರೆಯೇ ಆಗಿ ಕಾಣುತ್ತಾರೆ ಎಂಬುದು ನನ್ನ ವಾದದ ಹುರುಳು. ಎರಡು ವಾಕ್ಯ ಹೇಳುವಷ್ಟರಲ್ಲಿ ಮೂರನೆಯ ಸಾಲಿನಿಂದ ನಿವೃತ್ತ ಅಧಿಕಾರಿಯೊಬ್ಬರು ಎದ್ದು ನಿಂತು, ‘ಸಾರ್, ಸುತ್ತಿ ಬಳಸಿ ಬೇಡ. ನಿಜವೋ ಸುಳ್ಳೋ, ಒಂದೇ ಮಾತಲ್ಲಿ ಹೇಳಿಬಿಡಿ. ಊಟಕ್ಕೆ ಹೊತ್ತಾಯ್ತು’ ಎಂದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಆ ದಿನ ಸಿಕ್ಕ ಚಪ್ಪಾಳೆಗಿಂತ ಅದು ಜೋರಾಗಿತ್ತು.

‘ಸುಳ್ಳು’ ಎಂದೆ. ಸಭೆ ತಣ್ಣಗಾಯಿತು. ಸಂಘಟಕರು ನನ್ನನ್ನು ನೋಡಿದ ರೀತಿಯನ್ನು ಈಗಲೂ ಮರೆತಿಲ್ಲ. ಜಯಂತಿಯ ದಿನ ಹೇಳುವ ಮಾತಲ್ಲ ಅದು, ಒಪ್ಪುತ್ತೇನೆ. ಆದರೆ ಒಂದೇ ಮಾತಿನಲ್ಲಿ ಹೇಳಬೇಕೆಂದು ಪಟ್ಟು ಹಿಡಿದವರು ಅವರು.

ಆಗ ಎದ್ದವರು ಹಿಂದಿನ ಸಾಲಿನ ಒಬ್ಬ ಹಿರಿಯರು. ಅವರ ತಕರಾರು ಬೇರೆ: ‘ಹೇಮರಡ್ಡಿ ಮಲ್ಲಮ್ಮ ಎಲ್ಲಿ?’ ಕನ್ನಡನಾಡಿನ ಕಥೆಯಲ್ಲಿ ವೇಮನ ಶ್ರೀಶೈಲ ಮಲ್ಲಿಕಾರ್ಜುನನ ಭಕ್ತೆಯಾದ ಮಲ್ಲಮ್ಮನ ಮೈದುನ. ದಾರಿತಪ್ಪಿದ ಮೈದುನನನ್ನು ತಿದ್ದುವವಳು ಅತ್ತಿಗೆ. ಗುಬ್ಬಿ ವೀರಣ್ಣನವರೂ ಬಿ. ಜಯಮ್ಮನವರೂ ನಟಿಸಿದ ‘ಹೇಮರೆಡ್ಡಿ ಮಲ್ಲಮ್ಮ’ ಚಿತ್ರವೂ 1940ರ ದಶಕದಲ್ಲಿಯೇ ಬಂದಿತ್ತು. ಆ ಹಿರಿಯರಿಗೆ ಅದೇ ನಿಜ. ತೆಲುಗಿನವರು ಮಲ್ಲಮ್ಮನನ್ನು ಕದ್ದು ಬಚ್ಚಿಟ್ಟರೆಂದು ಅವರ ಆರೋಪ. ಹೀಗೆ ಒಂದೇ ಸಭೆಯಲ್ಲಿ ಒಬ್ಬರು ಚಿತ್ರ ನಿಜವಲ್ಲ ಎಂದು ಅನುಮಾನಿಸುತ್ತಿದ್ದರೆ, ಇನ್ನೊಬ್ಬರು ಸಾಕಷ್ಟು ನಿಜವಿಲ್ಲ ಎಂದು ದೂರುತ್ತಿದ್ದರು.

ಇಲ್ಲಿ ನನ್ನದೊಂದು ಕಹಿಯನ್ನು ಹೇಳಿಕೊಳ್ಳಬೇಕು. 1965ರ ‘ಸರ್ವಜ್ಞಮೂರ್ತಿ’ಯಲ್ಲಿ ರಾಜ್‌ಕುಮಾರ್ ಸರ್ವಜ್ಞನಾಗಿ ನಿಂತಾಗ ಯಾರಾದರೂ ಆಧಾರ ಕೇಳಿದರೇ? ಬಸವರಸನಿಗೂ ಕುಂಬಾರ ಮಾಳಿಗೂ ಹುಟ್ಟಿದ ಕಥೆಯನ್ನು ಹೇಳುವ ತ್ರಿಪದಿಗಳೂ ವೇಮನನ ಮೂಗಚಿಂತಪಲ್ಲೆಯಷ್ಟೇ ಅನುಮಾನಾಸ್ಪದ. ಅದಕ್ಕೂ ಹತ್ತು ವರ್ಷ ಮೊದಲು ಹೊನ್ನಪ್ಪ ಭಾಗವತರು ಕಾಳಿದಾಸನಾದಾಗ ಕೇಳಿದರೇ? ನಮ್ಮ ಕವಿಗಳಿಗೆ ಪವಾಡವೂ ಸಲ್ಲುತ್ತದೆ, ನೆರೆಮನೆಯ ಕವಿ ಮಾತ್ರ ಜನನಪ್ರಮಾಣಪತ್ರ ತರಬೇಕು.

ಹಾಗಾದರೆ ನನ್ನನ್ನು ಏನು ಕೇಳಬೇಕಿತ್ತು? ಇದನ್ನು: ಏನೂ ಗೊತ್ತಿಲ್ಲದ ಕವಿಯ ಬದುಕನ್ನು ಕಟ್ಟುವಾಗ ಎಷ್ಟೋ ಸುಳ್ಳುಗಳು ಕೈಗೆಟಕುವಂತಿದ್ದವಲ್ಲ, ಅವುಗಳಲ್ಲಿ ಈ ಸುಳ್ಳನ್ನೇ ಏಕೆ ಆರಿಸಿಕೊಂಡರು?

ಜನರ ಬಾಯಲ್ಲಿ ವೇಮನನ ವೈರಾಗ್ಯಕ್ಕೆ ಸಿದ್ಧವಾದ ಕಾರಣವೊಂದಿದೆ. ಸೂಳೆ ಅತ್ತಿಗೆಯ ಮೂಗುತಿಯನ್ನು ಬೇಡುತ್ತಾಳೆ. ಅತ್ತಿಗೆ ಅದನ್ನು ಕೊಡಲು ಒಂದು ಷರತ್ತು ಹಾಕುತ್ತಾಳೆ. ಆ ಷರತ್ತಿನಂತೆ ಬೆತ್ತಲೆ ನಿಂತ ಸೂಳೆಯನ್ನು ಕಂಡ ವೇಮನನಿಗೆ ಹೆಣ್ಣಿನ ಮೈಯ ಮೇಲೆ ಹೇಸಿಗೆ ಹುಟ್ಟಿ, ಆ ಹೇಸಿಗೆಯಿಂದ ಯೋಗ ಹುಟ್ಟುತ್ತದೆ. ಎಷ್ಟು ಸಲ ಕೇಳಿದರೂ ಈ ಕಥೆ ನನಗೆ ಒಗ್ಗಿಲ್ಲ. ತಪ್ಪು ಅವನದು, ಬೆತ್ತಲಾಗಬೇಕಾದವಳು ಅವಳು. ಇದು ಸಾಲದೆಂಬಂತೆ, ಇದನ್ನು ಹೇಳುವವರ ಮುಖದಲ್ಲಿ ಯಾವಾಗಲೂ ಒಂದು ಸಣ್ಣ ಖುಷಿ ಇರುತ್ತದೆ.

ಚಿತ್ರ ತನ್ನ ತಿರುವನ್ನು ಈ ಕಥೆಯ ಮೇಲೆ ನಿಲ್ಲಿಸಲಿಲ್ಲ. ಅದು ಒಂದು ಮಗುವನ್ನು ತಂದಿತು. ವೇಮನನ ಅಣ್ಣನ ಮಗಳು ಜ್ಯೋತಿ. ಚಿಕ್ಕಪ್ಪನೆಂದರೆ ಅವಳಿಗೆ ಪ್ರಾಣ, ಅವಳೆಂದರೆ ಚಿಕ್ಕಪ್ಪನಿಗೂ ಪ್ರಾಣ. ಆದರೆ ಆ ಚಿಕ್ಕಪ್ಪನಿಗೆ ಒಂದು ಕಡೆ ಮೋಹನಾಂಗಿಯ ಸೆಳೆತ, ಇನ್ನೊಂದು ಕಡೆ ಅಕ್ಕಸಾಲಿ ಗೆಳೆಯ ಅಭಿರಾಮನ ಜೊತೆ ಸೇರಿ ರಸವಿದ್ಯೆಯಿಂದ ಚಿನ್ನ ಮಾಡುವ ಹುಚ್ಚು. ಮುದಿಗೊಂಡ ಲಿಂಗಮೂರ್ತಿಯವರ ಅಭಿರಾಮನನ್ನು ನೋಡುವಾಗ, ಇವನು ಕೆಟ್ಟವನಲ್ಲ, ಕುಲುಮೆಯ ಮುಂದೆ ಕೂತು ಜಗತ್ತನ್ನು ಮರೆತವನು ಎಂದಷ್ಟೇ ಅನ್ನಿಸುತ್ತದೆ. ಅವರಿಬ್ಬರೂ ಚಿನ್ನದಲ್ಲಿ ಮುಳುಗಿರುವಾಗ ಮಗು ಸಾಯುತ್ತದೆ.

ಆಮೇಲೆ ಬರುವ ಸ್ಮಶಾನದ ಹಾಡು ‘ಇದೇನಾ, ಇಂತೇನಾ’ ಎಂದು ಶುರುವಾಗುತ್ತದೆ: ಇದೇನೇ, ಇಷ್ಟೇನೇ ಬದುಕಿನ ಸಾರ? ಅಳುವಿನ ಹಾಡೆಂದು ಜನ ಅದನ್ನು ಕರೆಯುತ್ತಾರೆ. ನನಗೆ ಅದು ಲೆಕ್ಕ ಕೇಳುವ ಹಾಡಾಗಿ ಕೇಳಿಸುತ್ತದೆ. ನಾಗಯ್ಯನವರ ದನಿಯಲ್ಲಿ ದೇವರ ಮೇಲಿನ ದೂರಿಗಿಂತ ಹೆಚ್ಚಾಗಿ ತನ್ನ ಮೇಲಿನ ನಾಚಿಕೆ ಇದೆ. ಮುಂದೆ ಇವನ ಬಾಯಿಂದ ಬರಲಿರುವ ಪದ್ಯಗಳ ಒರಟುತನ, ಡಾಂಭಿಕರನ್ನು ಕಂಡರೆ ಆಗದ ಸಿಡುಕು, ಹೊನ್ನಿನ ಮೇಲಿನ ತಾತ್ಸಾರ, ಇವೆಲ್ಲ ಹೇಸಿಗೆಯಿಂದ ಬಂದವುಗಳಲ್ಲ, ಒಂದು ಮಗುವಿನ ಹತ್ತಿರ ಇರಬೇಕಾದ ಹೊತ್ತಿನಲ್ಲಿ ಇರದೆಹೋದ ಮನುಷ್ಯನ ಪಶ್ಚಾತ್ತಾಪದಿಂದ ಬಂದವು ಎಂದು ಚಿತ್ರ ವಾದಿಸುತ್ತದೆ. ಜ್ಯೋತಿ ಇದ್ದಳೆಂಬುದಕ್ಕೆ ಸಾಕ್ಷಿಯಿಲ್ಲ. ಆದರೆ ‘ಉಪ್ಪು ಕಪ್ಪುರಂಬು ನೊಕ್ಕಪೋಲಿಕ ನುಂಡು’ ಎಂದ ಕವಿ, ಅಂದರೆ ಉಪ್ಪೂ ಕರ್ಪೂರವೂ ಕಣ್ಣಿಗೆ ಒಂದೇ, ರುಚಿ ನೋಡಿದಾಗಲೇ ಬೇರೆ ಎಂದ ಕವಿ, ಚಿನ್ನವನ್ನೂ ಬೂದಿಯನ್ನೂ ಎಲ್ಲೋ ಒಂದು ಕಡೆ ಅಕ್ಕಪಕ್ಕದಲ್ಲಿ ಇಟ್ಟು ನೋಡಿರಲೇಬೇಕು. ಚಿತ್ರದವರು ಪದ್ಯಗಳನ್ನು ಓದಿ, ಅಂಥ ಪದ್ಯ ಬರೆಯುವವನಿಗೆ ಎಂಥ ಗಾಯ ಆಗಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಿದ್ದಾರೆಂದು ನನ್ನ ಊಹೆ. ಮೂಗುತಿಯ ಕಥೆ ಕಟ್ಟಿದವರೂ ಅದನ್ನೇ ಮಾಡಿದ್ದು, ಆದರೆ ಅವರು ಕಡಿಮೆ ಓದಿದವರು.

ಸೂಳೆಯ ವಿಷಯ ಬಿಡಲೊಲ್ಲದ ಮೂರನೆಯ ವರ್ಗದವರಿಗೂ ಒಂದು ಸಮಾಧಾನವಿದೆ. ವೇಮನನ ಹೆಸರಿನ ಬಹುಪಾಲು ಪದ್ಯಗಳಿರುವ ಛಂದಸ್ಸಿನ ಹೆಸರು ಆಟವೆಲದಿ. ತೆಲುಗಿನಲ್ಲಿ ವೆಲದಿ ಎಂದರೆ ಹೆಣ್ಣು. ಆಟವೆಲದಿ ಎಂದರೆ ಕುಣಿಯುವ ಹೆಣ್ಣು. ಅವಳ ಸಹವಾಸವನ್ನು ವೇಮನ ಕೊನೆಯವರೆಗೂ ಬಿಡಲಿಲ್ಲ ಎಂಬುದಕ್ಕೆ ಸಾವಿರಾರು ಪುರಾವೆಗಳಿವೆ. ಯಾವ ಸಭೆಯಲ್ಲಿ ಬೇಕಾದರೂ ಹಾಜರುಪಡಿಸುತ್ತೇನೆ.

ಜಯಂತಿಯ ಆ ದಿನ ಊಟದ ಪಂಕ್ತಿಯಲ್ಲಿ ಆ ನಿವೃತ್ತ ಅಧಿಕಾರಿ ನನ್ನ ಪಕ್ಕದ ಎಲೆಗೇ ಬಂದು ಕೂತರು. ಸಿಟ್ಟು ಇಬ್ಬರಲ್ಲಿಯೂ ಇಳಿದಿತ್ತು. ಮಗುವಿನ ದೃಶ್ಯ ಹೇಗೆನ್ನಿಸಿತು ಎಂದು ಕೇಳಿದೆ. ‘ಯಾವ ಮಗು?’ ಎಂದರು. ನಡುವೆ ಫೋನ್ ಬಂದಿತ್ತಂತೆ, ಮಾತನಾಡಲು ಹೊರಗೆ ಹೋಗಿದ್ದರಂತೆ, ಮರಳಿ ಬರುವಷ್ಟರಲ್ಲಿ ವೇಮನ ಯೋಗಿಯಾಗಿದ್ದನಂತೆ. ಎಲೆಗೆ ಒಬ್ಬಟ್ಟು ಬೀಳುವವರೆಗೆ ಕಥೆ ಹೇಳಿದೆ. ಅವರು ತಿನ್ನುವುದನ್ನು ನಿಲ್ಲಿಸಿ, ‘ಛೆ, ಮಗೂನ ಯಾಕ್ ಸಾರ್ ಸಾಯಿಸಿದ್ರು?’ ಎಂದರು.

ಹನ್ನೆರಡು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಉತ್ತರ ಕೊಡಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ತುಪ್ಪದ ಪಾತ್ರೆ ಹಿಡಿದವನು ಪಂಕ್ತಿಯ ಆ ತುದಿಯಲ್ಲಿ ಕಾಣಿಸಿಕೊಂಡ. ಅವರು ಅವನನ್ನು ಕೂಗಿ ಕರೆಯತೊಡಗಿದರು.